ಮೋಟುಮರದೊಳಗಿನ ಕಚೇರಿ

ನನ್ನ ಗಂಡ ಆರಿನ್ ಗರಗಸದ ಮಿಲ್ಲಿನಿಂದ ನಿವೃತ್ತನಾದ ಮೇಲೆ ಮನೆಯಲ್ಲಿ ಒಂದು ಕುರ್ಚಿಯೂ ಅವನನ್ನು ಹಿಡಿದಿಟ್ಟುಕೊಳ್ಳಲಿಲ್ಲ. ಕೊನೆಗೆ ಡಬ್ಬಿ ಹುಡುಕುವ ಆಟ ಕೈಗೆ ಸಿಕ್ಕಿತು. ಯಾರೋ ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು ಅದರ ಜಾಗದ ಅಕ್ಷಾಂಶ-ರೇಖಾಂಶದ ಅಂಕಿಗಳನ್ನು ಇಂಟರ್ನೆಟ್ಟಿಗೆ ಹಾಕುತ್ತಾರೆ. ಗುರುತು ಪರಿಚಯ ಇಲ್ಲದವರು ಫೋನ್ ಹಿಡಿದು ಹುಡುಕಿ, ಹೆಸರು ಬರೆದು, ಮತ್ತೆ ಅಲ್ಲೇ ಇಟ್ಟು ಬರುತ್ತಾರೆ. ಅಮೆರಿಕದ ಆರೆಗನ್ನಿನ ನಮ್ಮ ಕಡೆ ಇದರ ಹುಚ್ಚಿಗೆ ಬಿದ್ದವರು ಬಹಳ. ಆರಿನ್‌ಗೆ ಹುಡುಕುವುದು ಬೇಗ ಸಾಕಾಯಿತು. ತಾನೇ ಒಂದನ್ನು ಬಚ್ಚಿಡಬೇಕು ಅಂದ.

ಬಚ್ಚಿಟ್ಟ. ನದಿ ದಂಡೆಯ ಪಾರ್ಕಿನಲ್ಲಿ ಒಂದು ಫರ್ ಮರದ ಮೋಟು ಇತ್ತು. ಅದರ ಪೊಳ್ಳಿನಲ್ಲಿ ಡಬ್ಬಿಯ ಜೊತೆ ಒಂದು ಟೇಪ್ ಪ್ಲೇಯರ್ ಇಟ್ಟು ಅಂಗೈಯಗಲದ ಬಾಗಿಲು ಕೂಡಿಸಿದ. ಬಾಗಿಲು ತೆಗೆದರೆ ಒಳಗಿನಿಂದ ಇನ್ನೂ ದೊಡ್ಡ ಬಾಗಿಲು ಕಿರುಗುಟ್ಟುವ ಸದ್ದು, ಮೆಟ್ಟಿಲಿಳಿಯುವ ಬೂಟಿನ ಸದ್ದು, ಆಮೇಲೆ ಒಬ್ಬ ಗುಮಾಸ್ತನ ದನಿ: "ಕಳೆದ ವಸ್ತುಗಳ ಕಚೇರಿ. ಏನು ಕಳ್ಕೊಂಡ್ರಿ?"

"ನನ್ನನ್ನೇ ಕಳ್ಕೊಂಡಿದೀನಿ ಸ್ವಾಮಿ," ಅನ್ನುತ್ತದೆ ಇನ್ನೊಂದು ದನಿ.

"ಅಯ್ಯೋ, ನಿಮ್ಮನ್ನ ಈಗಷ್ಟೇ ಯಾರೋ ಬಂದು ತಗೊಂಡು ಹೋದ್ರಲ್ಲ!"

ಕೊನೆಯಲ್ಲಿ ಗುಮಾಸ್ತ ಹೇಳುವ ಅಂಕಿ ತಿರುಗಿಸಿದರೆ ಒಳಗಿನ ಡಬ್ಬಿಯ ಬೀಗ ತೆರೆಯುತ್ತಿತ್ತು.

ನಮ್ಮ ಕಾಲೇಜು ದಿನಗಳಲ್ಲಿ 'ಬೋರಲು ಛತ್ರಿ ಮಂಡಳಿ' ಅಂತ ನಾಲ್ವರ ಹಾಸ್ಯ ತಂಡವಿತ್ತು. ಮುಖ ಕಾಣದ, ಬರೀ ಕಿವಿಗೆ ಆಡುವ ನಾಟಕ. ದೀಪ ಆರಿಸಿ, ನೆಲದ ಮೇಲೆ ಮಲಗಿ ಅವರ ರೆಕಾರ್ಡು ಕೇಳುತ್ತಿದ್ದೆವು. ಆ ಹುಚ್ಚಿನಲ್ಲಿ ಆರಿನ್ ಮತ್ತು ಅವನ ಗೆಳೆಯ ಲೈಲ್ ಸೇರಿ ಅದೇ ಧಾಟಿಯಲ್ಲಿ ಒಂದು ಪ್ರಹಸನ ಕಟ್ಟಿ ಕಾಲೇಜು ರೇಡಿಯೋದಲ್ಲಿ ಆಡಿದ್ದರು. ಮೋಟುಮರದಲ್ಲಿದ್ದದ್ದು ಅದೇ ಟೇಪು. ಕಳ್ಕೊಂಡವನು ಆರಿನ್. ಗುಮಾಸ್ತ, ಲೈಲ್.

ಈಗ ಲೈಲ್‌ಗೆ ದನಿಯಿಲ್ಲ. ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ತೆಗೆದುಹಾಕಿದ್ದಾರೆ. ಕತ್ತಿಗೆ ಒಂದು ಯಂತ್ರ ಒತ್ತಿ ಹಿಡಿದರೆ ಜೀರುಂಡೆ ಗುಂಯ್‌ಗುಟ್ಟಿದ ಹಾಗೆ ಮಾತು ಬರುತ್ತದೆ. ಅದಕ್ಕೆ ನಾಚಿ ಅವನು ಮನೆ ಬಿಟ್ಟು ಹೊರಡುವುದನ್ನೇ ನಿಲ್ಲಿಸಿದ್ದ. ಡಬ್ಬಿ ಇಟ್ಟ ಮೇಲೆ ಮಾತ್ರ ಆಗಾಗ ಪಾರ್ಕಿಗೆ ಹೋಗಿ ಬಾಗಿಲು ತೆರೆದು ನಿಲ್ಲುತ್ತಿದ್ದ.

"ಟೇಪಿನ ನಕಲು ಮಾಡಿದೀಯಾ?" ಎಂದು ಆರಿನ್‌ನನ್ನು ಕೇಳಿದ್ದೆ.

"ಮಾಡ್ತೀನಿ ಬಿಡೇ. ಮೊದಲು ಬಾಗಿಲಿನ ಕೀಲು ಸರಿ ಮಾಡ್ಬೇಕು."

ಅಕ್ಟೋಬರಿನ ಒಂದು ಬೆಳಿಗ್ಗೆ ನೆರೆಮನೆಯವಳು ಫೋನ್ ಮಾಡಿದಳು. ಪಾರ್ಕ್ ಮುಚ್ಚಿದ್ದಾರಂತೆ, ಮರದೊಳಗೆ ವೈರು ಕಟ್ಟಿದ ಪೆಟ್ಟಿಗೆ ಸಿಕ್ಕಿದೆಯಂತೆ, ಬಾಂಬ್ ಇರಬಹುದಂತೆ. ಆರಿನ್ ಮನೆಯ ಚಪ್ಪಲಿಯಲ್ಲೇ ಓಡಿದ, ಹಿಂದೆ ನಾನು. ಹಳದಿ ಪಟ್ಟಿಯಾಚೆ ಪೊಲೀಸರ ಪುಟ್ಟ ರೋಬೋಟು ಹುಲ್ಲಿನ ಮೇಲೆ ತೆವಳುತ್ತಿತ್ತು.

"ಅದು ನಂದು ಕಣ್ರೀ! ಆಟದ ಡಬ್ಬಿ! ಒಳಗೆ ಟೇಪ್ ಇದೆ ಅಷ್ಟೇ!"

"ಹಿಂದೆ ಸರೀರಿ ಯಜಮಾನ್ರೇ," ಅಂದಳು ಪೊಲೀಸಿನವಳು. "ನಿಮ್ದೇ ಇರಬಹುದು. ಆದ್ರೂ ಯಾರನ್ನೂ ಅದರ ಹತ್ರ ಬಿಡೋ ಹಾಗಿಲ್ಲ."

"ನಾನೇ ಹೋಗಿ ತೆಗೀತೀನಿ, ಒಂದೇ ನಿಮಿಷ..."

ಅವನ ತೋಳು ಹಿಡಿದುಕೊಂಡೆ. ರೋಬೋಟಿನ ಕೈ ಬಾಗಿಲಿಗೆ ತಾಗಿತು. ಕಿರುಗುಟ್ಟುವ ಸದ್ದು, ಬೂಟು, ಆಮೇಲೆ ಇಪ್ಪತ್ತರ ಹರೆಯದ ಲೈಲ್: "ಕಳೆದ ವಸ್ತುಗಳ ಕಚೇರಿ..." ಗುಂಪಿನಲ್ಲಿ ಯಾರೋ ನಕ್ಕರು. ಅಷ್ಟರಲ್ಲಿ, ಬಾಂಬಾದರೆ ಸಿಡಿಯದಿರಲೆಂದು ರೋಬೋಟು ಹಾರಿಸಿದ ನೀರಿನ ಏಟು ಢಂ ಎಂದು ಬಿತ್ತು. ಮರದ ಚೂರು, ತಗಡಿನ ಚೂರು. ಕಂದು ಟೇಪು ಪೊದೆಯ ತುಂಬ ಜೋತುಬಿದ್ದಿತ್ತು.

ಆರಿನ್ ಅಲ್ಲಿಂದ ನೇರ ಲೈಲ್ ಮನೆಗೆ ಹೋಗಿ ವಿಷಯ ಹೇಳಿದ. ಲೈಲ್ ಬಾಗಿಲು ಮುಚ್ಚಿಕೊಂಡ.

ಆ ವಾರವೆಲ್ಲ ಆರಿನ್ ನಿಂತಲ್ಲಿ ನಿಲ್ಲಲಿಲ್ಲ. ಗ್ಯಾರೇಜು ಗುಡಿಸಿದ, ಗುಡಿಸಿದ್ದನ್ನೇ ಗುಡಿಸಿದ. ಎಲೆ ಬಾಚಿದ. ಊಟದ ತಟ್ಟೆ ಕೈಯಲ್ಲಿ ಹಿಡಿದು ಕಿಟಕಿಯಿಂದ ಕಿಟಕಿಗೆ ಅಲೆದ. ಲೈಲ್ ಫೋನ್ ಎತ್ತುತ್ತಿರಲಿಲ್ಲ. ನೋಡಿ ನೋಡಿ ತಲೆ ಕೆಟ್ಟು, ಒಂದು ಪಾತ್ರೆ ಕ್ಲ್ಯಾಮ್ ಚಿಪ್ಪುಮೀನಿನ ಸಾರು ಹಿಡಿದುಕೊಂಡು ನಾನೇ ಲೈಲ್ ಮನೆಗೆ ಹೊರಟೆ.

ಬಾಗಿಲು ತೆರೆದ. ಅಡುಗೆಮನೆಯಲ್ಲಿ ಕೂತೆವು. ಅವನು ಯಂತ್ರವನ್ನು ಕತ್ತಿಗೆ ಒತ್ತಿಕೊಂಡ.

"ಅವನ ಮೇಲೆ ಸಿಟ್ಟಿಲ್ಲ ಡೆಲ್ಲಾ. ಆ ದನಿ ಕೇಳೋಕೆ ಹೋಗ್ತಿದ್ದೆ. ಕೇಳಿ ಮನೆಗೆ ಬಂದಾಗೆಲ್ಲ ಈ ದರಿದ್ರ ಯಂತ್ರ ಎತ್ತಿ ಎಸೀಬೇಕು ಅನ್ಸೋದು. ಹೋಗದೇ ಇರೋಕೂ ಆಗ್ತಿರ್ಲಿಲ್ಲ. ಈಗ ಹೋಯ್ತು. ಹೋದದ್ದೇ ಒಳ್ಳೇದಾಯ್ತೋ ಏನೋ, ಅದೂ ಗೊತ್ತಾಗ್ತಿಲ್ಲ."

ನಾನು ಏಳುತ್ತಿದ್ದಂತೆ ಅವನು ಅಂದ: "ಹೋಗುವಾಗ ಬಾಗಿಲು ಹಾಕ್ಕೊಂಡು ಹೋಗಿ. ಮುಂದಿನವರು ಕಾಯ್ತಿದ್ದಾರೆ."

ಆ ಗುಂಯ್‌ಗುಟ್ಟುವ ದನಿ, ಏರಿಳಿತವೇ ಇಲ್ಲದ ಆ ಬಿಗಿ. ನೆಲಮಾಳಿಗೆಯ ಕಚೇರಿಯೊಂದರಲ್ಲಿ ನೂರು ವರ್ಷ ಕೂತ ಗುಮಾಸ್ತನೇ ಮಾತಾಡಿದ ಹಾಗಿತ್ತು. ನನಗೆ ನಗು ಬಂದುಬಿಟ್ಟಿತು. ತಡೆಯಲು ಬಾಯಿಗೆ ಕೈ ಒತ್ತಿದೆ, ಮೂಗಿನಿಂದ ಬಂತು. ಕ್ಯಾನ್ಸರ್ ಗೆದ್ದು ಕೂತವನ ಮುಂದೆ!

"ಕ್ಷಮಿಸು ಲೈಲ್, ಅಯ್ಯೋ, ಕ್ಷಮಿಸು..."

ಅವನು ನನ್ನನ್ನು ದಿಟ್ಟಿಸಿದ. ಆಮೇಲೆ ಯಂತ್ರ ಒತ್ತಿ, ಬೇಕೆಂದೇ ನಿಧಾನವಾಗಿ ಅಂದ: "ಕ್ಷಮಾಪಣೆಗೆ ಎರಡನೇ ಕಿಟಕಿ."

ಭಾನುವಾರ ಅವನೇ ನಮ್ಮ ಮನೆಗೆ ಬಂದ. ಆರಿನ್ ಬಾಗಿಲಲ್ಲಿ ಏನೋ ಹೇಳಲು ಹೋಗಿ ತೊದಲಿದ. ಲೈಲ್ ಅವನನ್ನು ಬದಿಗೆ ಸರಿಸಿ ಒಳಗೆ ನಡೆದು, ಪ್ರಹಸನವನ್ನು ಹೊಸದಾಗಿ ರೆಕಾರ್ಡು ಮಾಡಲು ಊಟದ ಮೇಜಿನ ಮೇಲೆ ಮೈಕ್ ಇಡಿಸಿದ. ಹಳೆಯ ಮಾತು ಇಬ್ಬರಿಗೂ ಅರ್ಧ ಮರೆತುಹೋಗಿತ್ತು, ಉಳಿದರ್ಧಕ್ಕೆ ಜಗಳವಾಡಿದರು. ಬೂಟಿನ ಸದ್ದಿಗೆ ನಾನು ಆರಿನ್‌ನ ಮಿಲ್ಲಿನ ಬೂಟು ಕೈಗೆ ತೊಟ್ಟು ಮೇಜು ಕುಟ್ಟಿದೆ. ಆರಿನ್ ಪ್ರತಿ ಸಲವೂ ಗುಮಾಸ್ತನ ಮಾತು ಮುಗಿಯುವ ಮುಂಚೆಯೇ ನುಗ್ಗುತ್ತಿದ್ದ.

ಲೈಲ್‌ಗೆ ನಗು ಬಂದರೆ ಸದ್ದು ಬರುವುದಿಲ್ಲ, ಭುಜ ಮಾತ್ರ ಕುಣಿಯುತ್ತದೆ. ಕಣ್ಣೊರೆಸಿಕೊಂಡು ಯಂತ್ರವನ್ನು ಮತ್ತೆ ಕತ್ತಿಗೆ ಒತ್ತಿಕೊಂಡ.

"ಇನ್ನೊಂದ್ಸಲ. ಈ ಸಲವಾದ್ರೂ ತಡ್ಕೊಳ್ಳೋ ಮಾರಾಯ, ಜನ ನನ್ನ ದನಿ ಪೂರ್ತಿ ಕೇಳಿಸ್ಕೊಳ್ಲಿ."