ಐದು ರಾಶಿ

"ಸರ್, ಒಂದು ಕತ್ತರಿ ಸಿಗುತ್ತಾ?"

ಪರೀಕ್ಷೆ ಶುರುವಾಗಿ ಹತ್ತು ನಿಮಿಷವಾಗಿತ್ತು. ಆಸ್ಪತ್ರೆಯ ಆ ಕೋಣೆಯಲ್ಲಿ ಬರೆಯುತ್ತಿದ್ದ ಉಳಿದ ಆರು ಜನ ತಲೆಯೆತ್ತಿ ನೋಡಿದರು. ಕೇಳಿದವಳು ಲಾಂಡ್ರಿಯ ರಾಶಿಯಕ್ಕ. ರವಿಕೆಯ ತೋಳಿನಲ್ಲಿ ದಾರ ಜೋತುಬಿದ್ದಿರಬೇಕು ಎಂದುಕೊಂಡು ಪರೀಕ್ಷೆ ನಡೆಸುತ್ತಿದ್ದ ಅಧಿಕಾರಿ ತಮ್ಮ ಮೇಜಿನ ಕತ್ತರಿಯನ್ನೇ ಕೊಟ್ಟರು.

ಆಸ್ಪತ್ರೆಯ ಬಟ್ಟೆ ಉಗ್ರಾಣ ನೋಡಿಕೊಳ್ಳುವವರ ಹುದ್ದೆ ಖಾಲಿಯಾಗಿತ್ತು. ಹೊದಿಕೆ ಎಣಿಸಿ ಕೊಡುವ ಕೆಲಸಕ್ಕೆ ಇಂಗ್ಲಿಷ್ ನಾಮಪದಗಳ ಪರೀಕ್ಷೆ ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ಅದಕ್ಕೂ ಒಂದು ಪರೀಕ್ಷೆ ಇಟ್ಟಾರು. ರಾಶಿಯಕ್ಕನಿಗಂತೂ ಈ ಹುದ್ದೆ ಬೇಕೇ ಬೇಕಿತ್ತು. ಹತ್ತೊಂಬತ್ತು ವರ್ಷ ಒದ್ದೆ ನೆಲದಲ್ಲಿ ನಿಂತು ಅವಳ ಕಾಲ್ಬೆರಳ ಸಂದುಗಳು ಬಿರಿದುಹೋಗಿದ್ದವು. ಉಗ್ರಾಣದ ನೆಲ ಒಣಗಿತ್ತು, ಅಲ್ಲೊಂದು ಕುರ್ಚಿಯೂ ಇತ್ತು. ವಯಸ್ಸು ನೋಡಿದರೆ ಇದೇ ಅವಳ ಕೊನೆಯ ಅವಕಾಶ.

ಪಾಠ ಹೇಳಿಕೊಟ್ಟವಳು ನಾದಿನಿ, ಶಾಲೆಯಲ್ಲಿ ಟೀಚರು. ಇಂಗ್ಲಿಷಿನಲ್ಲಿ ನಾಮಪದ ಐದು ಬಗೆ: ಒಬ್ಬರಿಗೇ ಇಟ್ಟ ಹೆಸರು, ಎಲ್ಲರಿಗೂ ಸಲ್ಲುವ ಹೆಸರು, ಗುಂಪಿನ ಹೆಸರು, ಪದಾರ್ಥದ ಹೆಸರು, ಕೈಗೆ ಸಿಗದ ಗುಣಗಳ ಹೆಸರು. ರಾಶಿಯಕ್ಕ ಹದಿನೈದು ದಿನ ಉರು ಹೊಡೆದಳು. ಬೆಳಿಗ್ಗೆ ಬಾಯಿಗೆ ಬಂದದ್ದು ಮಧ್ಯಾಹ್ನಕ್ಕೆ ಮರೆತೇಹೋಗುತ್ತಿತ್ತು. ಇದು ನಿಮ್ಮ ತಲೆಗೆ ಹತ್ತೋದಿಲ್ಲ ಅತ್ತಿಗೆ, ಬಿಟ್ಟುಬಿಡಿ ಎಂದು ನಾದಿನಿ ಪುಸ್ತಕ ಮುಚ್ಚಿಟ್ಟಳು.

ಆ ಮಾತು ಅವಳಿಗೆ ಚುಚ್ಚಿತು. ಲಾಂಡ್ರಿಯಲ್ಲಿ ಅವಳ ಕೆಲಸ ಬಂದ ಗಂಟು ಬಿಚ್ಚಿ ಬಟ್ಟೆ ಬೇರ್ಪಡಿಸಿ ರಾಶಿ ಹಾಕುವುದು, ಹೆಸರೂ ಅದರಿಂದಲೇ ಬಂದದ್ದು. ಯೋಚಿಸುತ್ತ ನಿಂತರೆ ತಪ್ಪುತ್ತದೆ, ಮುಟ್ಟಿ ಎಸೆದರೆ ತಪ್ಪುವುದಿಲ್ಲ. ಅವಳು ಪದಗಳನ್ನು ಚೀಟಿಗಳಲ್ಲಿ ಬರೆಸಿಕೊಂಡು ಐದು ಬುಟ್ಟಿಗಳ ಮುಂದೆ ಕೂತಳು. ಮಿಲ್ಕ್ ಇಲ್ಲಿ, ಆರ್ಮಿ ಅಲ್ಲಿ, ಟವೆಲ್ ಆಚೆ. ಮಿಲ್ಕಿನ ಮುಂದೆ ಒಂದು ಎಂದು ಹಾಕಬಾರದು ಎಂದ ನಾದಿನಿಗೆ, ಹಾಲನ್ನು ಯಾರಾದರೂ ಎಣಿಸುತ್ತಾರಾ, ಅಳೆಯುತ್ತಾರೆ, ಇದರಲ್ಲಿ ಕಲಿಯೋದೇನಿದೆ ಎಂದು ನಕ್ಕಳು. ಮೂರನೇ ದಿನ ಒಂದು ಚೀಟಿಯೂ ತಪ್ಪಲಿಲ್ಲ. ನಾದಿನಿ ಅತ್ತಿಗೆಯನ್ನು ತಬ್ಬಿಕೊಂಡು ಅಡುಗೆಮನೆಯಲ್ಲೇ ಒಂದು ಸುತ್ತು ತಿರುಗಿಸಿಬಿಟ್ಟಳು.

ಆದರೆ ಪ್ರಶ್ನೆಪತ್ರಿಕೆಯಲ್ಲಿ ಐವತ್ತು ಪದಗಳು ಸಾಲುಗಟ್ಟಿ ನಿಂತಿದ್ದವು. ಒಂದೊಂದರ ಎದುರಿಗೂ ಅದರ ಬಗೆ ಬರೆಯಬೇಕು. ಅವಳಿಗೆ ಎಲ್ಲವೂ ಒಂದೇ ತರ ಕಂಡವು, ಪೆನ್ನು ಹಿಡಿದ ಕೈ ಅಲ್ಲಾಡಲಿಲ್ಲ. ಕತ್ತರಿ ಸಿಕ್ಕಿದ್ದೇ ತಡ, ಹಾಳೆಯನ್ನು ಕತ್ತರಿಸಿ ಐವತ್ತು ಚೂರು ಮಾಡಿದಳು. ಆಮೇಲೆ ಕೈ ತಾನಾಗಿ ಓಡಿತು. ಮೇಜಿನ ಮೇಲೆ ಐದು ರಾಶಿಗಳಾದವು, ಒಂದೊಂದು ಬಗೆಗೆ ಒಂದೊಂದು.

"ಏನಮ್ಮ ಮಾಡಿದ್ರಿ ಇದು? ಉತ್ತರ ಬರೆಯೋಕೆ ಇದ್ದದ್ದೇ ಆ ಹಾಳೆ. ಅದನ್ನೇ ನನಗೆ ವಾಪಸ್ ಕೊಡಬೇಕಿತ್ತು," ಎಂದರು ಅಧಿಕಾರಿ.

ಅದು ಅವಳಿಗೆ ಹೊಳೆದೇ ಇರಲಿಲ್ಲ. ಆದರೂ ಎದ್ದು ಹೋಗಲು ಮನಸ್ಸು ಬರಲಿಲ್ಲ.

"ಉತ್ತರ ಇಲ್ಲೇ ಇದೆ ಸರ್. ಒಂದ್ಸಲ ನೋಡಿಬಿಡಿ."

ಅಧಿಕಾರಿ ಸಿಡಿಮಿಡಿಗೊಂಡೇ ಉತ್ತರದ ಪಟ್ಟಿ ತಂದರು. ಮೊದಲ ರಾಶಿ ನೋಡಿದರು, ಎರಡನೆಯದು ನೋಡಿದರು. ಐದನೆಯದು ಮುಗಿದ ಮೇಲೆ ಕನ್ನಡಕ ಒರೆಸಿಕೊಂಡು ಮತ್ತೆ ಮೊದಲಿನಿಂದ ನೋಡಿದರು. ಆಮೇಲೆ ಅಷ್ಟೂ ಚೂರುಗಳನ್ನು ಅಂಗೈಯಿಂದ ಕಲಸಿಬಿಟ್ಟರು.

"ಇನ್ನೊಂದ್ಸಲ ಮಾಡಿ."

ಅವಳ ಬೆರಳುಗಳು ಮತ್ತೆ ಓಡಿದವು. ಉಳಿದವರು ಪೆನ್ನು ಕೆಳಗಿಟ್ಟು ಕತ್ತು ಚಾಚಿದರು. ಮೂರು ರಾಶಿ ಮುಗಿಯುವಷ್ಟರಲ್ಲಿ ಫ್ಯಾನಿನ ಗಾಳಿಗೆ ಚೂರುಗಳು ಏಳತೊಡಗಿದವು. ಅವಳು ಎರಡೂ ತೋಳು ಚಾಚಿ ಅವುಗಳ ಮೇಲೆ ಬಾಗಿದಳು.

ಅಧಿಕಾರಿ ಎದ್ದು ಹೋಗಿ ಫ್ಯಾನ್ ಆರಿಸಿದರು. ಅವಳು ಕೊನೆಯ ಚೂರು ಇಡುವ ತನಕ ಆ ಸೆಕೆಯಲ್ಲಿ ಯಾರೂ ಮಿಸುಕಲಿಲ್ಲ. ಅಧಿಕಾರಿ ಒಂದು ಖಾಲಿ ಹಾಳೆಯನ್ನೂ ಅಂಟಿನ ಬಾಟಲಿಯನ್ನೂ ತಂದು, ಅವಳ ಎದುರಿಗೆ ಕುರ್ಚಿ ಎಳೆದುಕೊಂಡು, ಅಂಗಿಯ ತೋಳು ಮಡಚಿ ಕೂತರು.

"ಮೊದಲನೇ ರಾಶಿ ಕೊಡಿ," ಎಂದರು.