ಐದನೆಯ ಬ್ಯಾಚು

ಬಚ್ಚಲ ಬಾಗಿಲನ್ನು ಧನಲಕ್ಷ್ಮಿ ಮೂರನೆಯ ಸಲ ಬಡಿದಳು.

"ಏನಮ್ಮಾ ಶೈಲಾ, ನಿಮ್ಮತ್ತೆ ಒಳಗೇನು ಮನೆ ಕಟ್ತಾವ್ರಾ? ಅರ್ಧ ಗಂಟೆ ಆಯ್ತು ಕಣಮ್ಮಾ. ಬಾಡಿಗೆಯೋರೆಲ್ಲಾ ಬಂದು ನನ್ನ ಪ್ರಾಣ ತಿಂತಾವ್ರೆ."

ಹೆಬ್ಬಗೋಡಿಯ ಆ ಕಟ್ಟಡದ ಎರಡನೆಯ ಮಹಡಿಯಲ್ಲಿ ನಾಲ್ಕು ಸಂಸಾರಕ್ಕೆ ಒಂದೇ ಬಚ್ಚಲು. ಬೆಳಿಗ್ಗೆ ಆರೂವರೆಗೆ ಅದರ ಮುಂದೆ ಬಕೆಟ್‌ಗಳು ಸಾಲುಗಟ್ಟುತ್ತವೆ, ಬಕೆಟ್‌ಗಳ ಹಿಂದೆ ನಿದ್ದೆಗಣ್ಣಿನ ಮನುಷ್ಯರು. ಮನೆಯ ಒಡತಿಯೇ ಕೆಳಗಿನಿಂದ ಮೆಟ್ಟಿಲು ಹತ್ತಿ ಬಂದಿದ್ದಾಳೆಂದರೆ ದೂರು ಎಲ್ಲಿಯವರೆಗೆ ಹೋಗಿದೆ ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಶೈಲಾ ತಲೆ ತಗ್ಗಿಸಿ ನಿಂತಿದ್ದಳು.

ಚಿಲಕ ಸರಿಯಿತು. ಚನ್ನಕ್ಕ ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದರಲ್ಲಿ ಹಿಂಡಿದ ಹಳೆಯ ಬಟ್ಟೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೊರಬಂದಳು. "ಆತ್ರೀ ಯವ್ವಾ, ಆತು" ಎಂದಳೇ ಹೊರತು ಯಾರ ಮುಖವನ್ನೂ ನೋಡಲಿಲ್ಲ. ಸಾಲಿನಲ್ಲಿದ್ದವಳೊಬ್ಬಳು ಮೂಗಿಗೆ ವೇಲು ಒತ್ತಿಕೊಂಡಳು. ಅದು ಶೈಲಾಳ ಕಣ್ಣಿಗೆ ಬಿತ್ತು.

ರೂಮಿನೊಳಗೆ ಬಂದವಳೇ ಬಾಗಿಲು ಹಾಕಿದಳು. "ಅತ್ತಿ, ದಿನಾ ಹಿಂಗ ಮಂದಿ ಮುಂದ ನನ್ನ ಮಾನ ಕಳೀತೀರಲ್ಲ. ನಿಮಗ ನಾಚಿಕಿ ಅನ್ನೂದು ಇಲ್ಲೇನ್ರಿ?"

ಚನ್ನಕ್ಕ ಮೊಮ್ಮಗಳಿಗೆ ಜಡೆ ಹಾಕಲು ಕೂತಳು, ಅದೂ ನೆಟ್ಟಗಲ್ಲ, ಒಂದು ಮಗ್ಗುಲಿಗೆ ವಾಲಿ.

ಆಕೆ ಕುಷ್ಟಗಿ ಕಡೆಯ ಹಳ್ಳಿಯಿಂದ ಬಂದು ಮೂರು ವರ್ಷವಾಗಿತ್ತು. ಮಗು ನೋಡಿಕೊಳ್ಳಲು ಜನ ಬೇಕು ಎಂದು ಆಗ ಕೈಮುಗಿದು ಕರೆಸಿಕೊಂಡವಳು ಶೈಲಾಳೇ. ಈಗ ಫ್ಯಾಕ್ಟರಿಯ ಶಿಶುವಿಹಾರದಲ್ಲಿ ಮಗುವಿಗೆ ಜಾಗ ಸಿಕ್ಕಿತ್ತು. ಜಾಗ ಸಿಕ್ಕ ವಾರದಿಂದಲೇ ಅತ್ತೆಯ ಒಂದೊಂದು ರೀತಿಯೂ ಶೈಲಾಳಿಗೆ ಕಣ್ಣು ಚುಚ್ಚತೊಡಗಿದ್ದು ವಿಚಿತ್ರವೇನಲ್ಲ. ಬೇಕಾದಾಗ ಕಾಣದ ಹುಳುಕು ಬೇಡವಾದಾಗ ಕಾಣುತ್ತದೆ. ಇರುವ ಒಂದೇ ಕೋಣೆಯಲ್ಲಿ ಒಮ್ಮೊಮ್ಮೆ ವಾಸನೆ. ಕೆಳಗಿನಿಂದ ನೀರು ತರಲು ಹೇಳಿದರೆ ನಾಲ್ಕು ಮೆಟ್ಟಿಲಿಗೊಮ್ಮೆ ಕೊಡ ಇಳಿಸಿ ನಿಲ್ಲುವುದು. ಮೊನ್ನೆ ಶೈಲಾ ತನ್ನ ಗಂಡ ಬಸಲಿಂಗನಿಗೆ ಖಡಾಖಂಡಿತ ಹೇಳಿಬಿಟ್ಟಿದ್ದಳು: ಭಾನುವಾರ ಅವರನ್ನು ಊರಿನ ಬಸ್ಸು ಹತ್ತಿಸಿ. ಬಸಲಿಂಗ "ಅವ್ವಗ ನೀನ ಹೇಳು" ಎಂದು ಜಾರಿಕೊಂಡಿದ್ದ.

ಬೊಮ್ಮಸಂದ್ರದ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಶೈಲಾ ಕಾಲರ್ ಹೊಲಿಯುವವಳು. ಜೊತೆಗೆ, ಹೋದ ತಿಂಗಳಿಂದ, ಅವಳ ಲೈನಿನ 'ಆರೋಗ್ಯ ಗೆಳತಿ'. ಪ್ರತಿ ಲೈನಿನಿಂದ ಒಬ್ಬಳನ್ನು ಆರಿಸಿ, ನಾಲ್ಕು ದಿನ ತರಬೇತಿ ಕೊಟ್ಟು, ಉಳಿದವರಿಗೆ ನೀವು ಹೇಳಿಕೊಡಿ ಎಂದು ಬಿಟ್ಟಿದ್ದರು. ಊಟದ ನಂತರ ಅರ್ಧ ಗಂಟೆ, ಬ್ಯಾಚಿಗೆ ಇಪ್ಪತ್ತು ಜನ. ಶೈಲಾ ಒಂದು ಹೆಜ್ಜೆ ಮುಂದೆ ಹೋಗಿ ಕತ್ತರಿಸಿ ಉಳಿದ ಗುಲಾಬಿ ಬಟ್ಟೆಯಲ್ಲಿ ಒಂದು ಗರ್ಭಕೋಶವನ್ನೇ ಹೊಲಿದಿದ್ದಳು. ಒಳಗೆ ಹತ್ತಿ, ಎರಡೂ ಕಡೆ ಎಲಾಸ್ಟಿಕ್ ಪಟ್ಟಿ, ಅಂಡಾಶಯಕ್ಕೆ ಎರಡು ಬಿಳಿ ಗುಂಡಿ. ಮ್ಯಾನೇಜರ್ ಅದರ ಫೋಟೊ ತೆಗೆದು ನೋಟಿಸ್ ಬೋರ್ಡಿಗೆ ಹಾಕಿಸಿದ್ದರು. ಶೈಲಾಗೆ ಒಳಗೊಳಗೆ ಹೆಮ್ಮೆ ಇತ್ತು, ಹೊರಗೂ ಸ್ವಲ್ಪ ಇತ್ತು. ಮನೆಯಲ್ಲಿ ಅದನ್ನು ಹಿಡಿದು ಕನ್ನಡಿಯ ಮುಂದೆ ನಿಂತು ಪಾಠವನ್ನು ಗಟ್ಟಿಯಾಗಿ ಒಪ್ಪಿಸಿಯೇ ಬರುತ್ತಿದ್ದಳು.

ಅವತ್ತು ಐದನೆಯ ಬ್ಯಾಚು.

"ಇದು ನಮ್ಮ ಮುಷ್ಟಿಯಷ್ಟೇ ಇರುತ್ತೆ" ಎಂದು ಶುರುಮಾಡಿದಳು. "ಮುಟ್ಟು ಬರೋದು ಇಲ್ಲಿಂದ, ಮಗು ಬೆಳೆಯೋದೂ ಇಲ್ಲೇ. ಇದು ಸುಮ್ನೆ ಅಲ್ಲಿ ಕೂತಿರಲ್ಲ. ಅಕ್ಕಪಕ್ಕ ಈ ಪಟ್ಟಿಗಳು, ಕೆಳಗೆ ಸ್ನಾಯುಗಳು, ಇವು ಎತ್ತಿ ಹಿಡ್ಕೊಂಡಿರ್ತವೆ. ಹೆರಿಗೆ ಆದ್ಮೇಲೆ ರೆಸ್ಟ್ ಮಾಡ್ದೆ ಭಾರ ಹೊತ್ರೆ ಇವು ಸಡಿಲ ಆಗ್ತವೆ. ಆಗ ಗರ್ಭಕೋಶ ಹಿಂಗೆ ಜಾರುತ್ತೆ." ಎಲಾಸ್ಟಿಕ್ ಬಿಟ್ಟು ಬಟ್ಟೆಯ ಚೀಲವನ್ನು ಕೆಳಕ್ಕಿಳಿಸಿದಳು. ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಎಲ್ಲ ಬ್ಯಾಚೂ ಇಲ್ಲಿ ನಗುತ್ತಿತ್ತು.

ದಾರ ಕತ್ತರಿಸುವ ಕೆಲಸದ ಭಾಗ್ಯಮ್ಮ ನಗಲಿಲ್ಲ. "ಶೈಲಕ್ಕ, ಅಂಗೆ ಜಾರಿರೋರ್ನ ಕಂಡುಹಿಡಿಯೋದ್ ಎಂಗೆ? ಯಾರೂ ಬಾಯ್ಬಿಟ್ಟು ಏಳಾಕಿಲ್ವಲ್ಲ."

ಉತ್ತರ ಶೈಲಾಳ ನಾಲಿಗೆಯ ತುದಿಯಲ್ಲೇ ಇತ್ತು. "ಭಾರ ಎತ್ತಿದ್ರೆ ಸೊಂಟ ಹಿಡ್ಕೊಂಡು ನಿಂತ್ಬಿಡ್ತಾರೆ. ಚಕ್ಕಳಮಕ್ಕಳ ಹಾಕಿ ಕೂರಲ್ಲ, ಒಂದು ಪಕ್ಕಕ್ಕೆ ವಾಲ್ಕೊಂಡು ಕೂರ್ತಾರೆ. ಮೂತ್ರ ತಡೆಯೋಕಾಗ್ದೆ ಬಟ್ಟೆ ಇಟ್ಕೋತಾರೆ, ವಾಸನೆ ಬರುತ್ತೆ ಅಂತ ಜನರಿಂದ ದೂರ ಇರ್ತಾರೆ. ಬಚ್ಚಲಲ್ಲಿ ಬಹಳ ಹೊತ್ತು..."

ಮಾತು ಅಲ್ಲಿಗೇ ನಿಂತಿತು.

"ಬಹಳ ಹೊತ್ತು ಏನ್ ಮಾಡ್ತಾರಕ್ಕ?" ಎಂದು ಯಾರೋ ಕೇಳಿದರು.

"ಹೊರಗೆ ಬಂದಿದ್ದನ್ನ ಕೈಯಿಂದ ಒಳಗೆ ತಳ್ಕೋಬೇಕಾಗುತ್ತೆ" ಎಂದಳು ಶೈಲಾ. ಅವಳ ಧ್ವನಿ ಅವಳಿಗೇ ಕೇಳಿಸಲಿಲ್ಲ. ಇದೇ ಮಾತನ್ನು ನಾಲ್ಕು ಸಲ, ನಾಲ್ಕು ಬ್ಯಾಚಿಗೆ, ಒಂದಕ್ಷರ ತಪ್ಪದೆ ಹೇಳಿದ್ದಳು. ನಾಲ್ಕು ಸಲವೂ ಮನೆಗೆ ಹೋಗಿ ಅದೇ ಹೆಂಗಸಿಗೆ ಬೈದಿದ್ದಳು. ಪಾಠ ಹೇಗೆ ಮುಗಿಸಿದಳೋ, ಮಧ್ಯಾಹ್ನದ ಮೇಲೆ ಎಷ್ಟು ಕಾಲರ್ ತಿರುವುಮುರುವು ಹೊಲಿದಳೋ! ಸೂಪರ್‌ವೈಸರ್ ಗದರಿದಾಗ ಅದು ಅವಳಿಗೆ ಹಾಯೆನಿಸಿತು.

ಸಂಜೆ ಮನೆಗೆ ಬಂದಾಗ ಬಸಲಿಂಗ ಇನ್ನೂ ಬಂದಿರಲಿಲ್ಲ. ಜೊತೆಗೆ ಬಂದ ಮಗು ಪಕ್ಕದ ಮನೆಗೆ ಆಡಲು ಓಡಿತು. ಚನ್ನಕ್ಕ ಚವಳಿಕಾಯಿಯ ನಾರು ಬಿಡಿಸುತ್ತಿದ್ದಳು.

"ಅತ್ತಿ, ಬಚ್ಚಲದಾಗ ನಿಮಗ ಅಷ್ಟೊತ್ತು ಯಾಕ ಬೇಕಾಕ್ಕೈತ್ರಿ?"

"ನಾಳಿಂದ ನಾಕಕ್ಕ ಎದ್ದು ಹೋಗ್ತೀನಿ ಬಿಡವ್ವಾ. ಆವಾಗ ಯಾರೂ ಇರಂಗಿಲ್ಲ."

"ಅದಲ್ರಿ." ಶೈಲಾ ಬಾಗಿಲು ಮುಂದೆ ಮಾಡಿ ಎದುರಿಗೆ ಕೂತಳು. ನೂರು ಜನರ ಮುಂದೆ ಸಲೀಸಾಗಿ ಆಡಿದ ಮಾತು ಒಬ್ಬಳ ಮುಂದೆ ಆಡಲು ಒಂದು ಚವಳಿಕಾಯಿಯನ್ನು ಕೈಗೆತ್ತಿಕೊಳ್ಳಬೇಕಾಯಿತು. "ಗರ್ಭಕೋಶ ಹೊರಗ ಬರ್ತೈತೇನ್ರಿ?"

ಚನ್ನಕ್ಕನ ಬೆರಳು ನಿಂತವು. ಬಿಡಿಸಿದ ಕಾಯಿಗಳನ್ನು ಒಂದು ಕಡೆ ಸರಿಸಿದಳು. "ಬಸ್ಯಾನ ತಂಗಿನ್ನ ಹಡದು ಒಂಬತ್ತ ದಿನಕ್ಕ ರೋಡಿನ ಕೆಲಸಕ್ಕ ಕಲ್ಲು ಹೊತ್ತಿದ್ನಿ. ಆವಾಗಿಂದ ಸಡ್ಲ ಐತಿ. ಇಲ್ಲಿ ನೀರಿನ ಕೊಡ ಹೊತ್ಕೊಂಡು ಮ್ಯಾಲ ಹತ್ತೂದಾತಲ್ಲ, ಪೂರಾ ಬರಾಕ ಹತ್ತೇತಿ."

ಆಕೆಯ ದನಿಯಲ್ಲಿ ದೂರಿರಲಿಲ್ಲ. ದೂರಿದ್ದರೆ ಶೈಲಾಗೆ ಸುಲಭವಾಗುತ್ತಿತ್ತು.

"ನನಗ ಹೇಳಬಾರದಿತ್ತೇನ್ರಿ?"

"ನೀ ಆ ಅರಿಬಿ ಚೀಲಾ ಹಿಡ್ಕೊಂಡು ಓದಿದಾಗನ ತಿಳೀತವ್ವಾ, ನಂದೂ ಅದ ಬ್ಯಾನಿ ಅಂತ. ಎರಡ ಸಲ ಬಾಯಿತನಕ ಬಂದಿತ್ತು. ಅಷ್ಟರಾಗ ನೀವು ಊರಿಗೆ ಕಳಸೂ ಮಾತಾಡಿದ್ದು ಕಿವಿಗೆ ಬಿತ್ತು. ಇದನ್ನೂ ಹೇಳಿದ್ರ ಐತ್ವಾರದ ತನಕಾನೂ ಇಟ್ಕೊಳ್ಳಂಗಿಲ್ಲೇನೋ ಅಂತ ಸುಮ್ಮನಾದ್ನಿ."

ಶೈಲಾ ಎದ್ದು ಒಲೆಯ ಕಡೆ ತಿರುಗಿ ನಿಂತಳು. ಹಚ್ಚಬೇಕೆಂದು ಹಿಡಿದ ಲೈಟರ್ ಕೈಯಲ್ಲೇ ಉಳಿಯಿತು.

ಮರುದಿನ ರಜೆ ಹಾಕಿ ಆನೇಕಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಪರದೆಯ ಆಚೆ ಡಾಕ್ಟರಮ್ಮ ಪರೀಕ್ಷೆ ಮಾಡಿ, ಗರ್ಭಕೋಶವನ್ನು ಒಳಗೆ ಸೇರಿಸಿ, ಅದು ಇಳಿಯದಂತೆ ಒಂದು ರಿಂಗ್ ಕೂರಿಸುವುದಕ್ಕೆ ಕಾಲು ಗಂಟೆಯೂ ಹಿಡಿಯಲಿಲ್ಲ. "ಗಾಯ ಆಗಿಲ್ಲ, ಪುಣ್ಯ" ಎಂದರು ಕೈ ತೊಳೆಯುತ್ತಾ. "ಮೂರು ತಿಂಗಳಿಗೊಂದು ಸಲ ಬಂದು ತೋರಿಸ್ಬೇಕು. ಭಾರ ಎತ್ಲೇಬಾರದು. ಆಪರೇಷನ್ ಬೇಕಾ ಅಂತ ಆಮೇಲೆ ನೋಡೋಣ. ಎಷ್ಟು ವರ್ಷದಿಂದ ಹಿಂಗಿದೆ?"

"ಇಪ್ಪತ್ತಾರು" ಎಂದಳು ಚನ್ನಕ್ಕ.

ಡಾಕ್ಟರಮ್ಮ ಟವೆಲ್ ಹಿಡಿದು ತಿರುಗಿದರು. ಅವರ ಕಣ್ಣು ಶೈಲಾಳ ಮೇಲಿತ್ತು. "ಒಂದೇ ಮನೇಲಿದ್ದೀರಾ ತಾನೆ? ನಿಮಗೆ ಗೊತ್ತಾಗ್ಲೇ ಇಲ್ವೇನಮ್ಮಾ?"

ಶೈಲಾ ಬಾಯಿ ತೆರೆದಳು. ಅಷ್ಟರಲ್ಲಿ ಚನ್ನಕ್ಕ ಮಂಚದ ಮೇಲಿಂದ ಎದ್ದು ಕೂತು ಮಾತಾಡಿದ್ದಳು. "ಇಕಿಗೆ ಏನ ಅನ್ನಬ್ಯಾಡ್ರಿ. ನಾನ ಮುಚ್ಚಿಟ್ಟಿದ್ನಿ. ಗೊತ್ತಾದ ಮರುದಿನಾನ ಪಗಾರ ಬಿಟ್ಟು ಕರ್ಕೊಂಡು ಬಂದಾಳ. ಫ್ಯಾಕ್ಟರ್ಯಾಗ ನೂರು ಹೆಣ್ಮಕ್ಕಳಿಗೆ ಇದನ್ನೆಲ್ಲಾ ಕಲಸ್ತಾಳ್ರಿ, ನಮ್ಮ ಸೊಸಿ. ಭಾಳ ಶ್ಯಾಣ್ಯಾಕಿ."

ಆಕೆಯ ಮುಖ ಅರಳಿತ್ತು. ಹೆಮ್ಮೆ ನಿಜವಾದದ್ದೇ ಆಗಿತ್ತು, ಅದನ್ನೇ ಶೈಲಾಗೆ ತಡೆದುಕೊಳ್ಳಲಾಗಲಿಲ್ಲ.

"ಓ, ಹೌದಾ!" ಡಾಕ್ಟರಮ್ಮನೂ ನಕ್ಕರು. "ಹಾಗಾದ್ರೆ ನನಗೆ ಕೆಲಸ ಉಳೀತು. ಸ್ನಾಯು ಬಿಗಿ ಮಾಡೋ ವ್ಯಾಯಾಮ ನೀವೇ ಹೇಳ್ಕೊಟ್ಬಿಡಿ."

ಶೈಲಾ ತಲೆಯಾಡಿಸಿದಳು.

ಚನ್ನಕ್ಕ ಇಳಿಯಲು ಕಾಲು ಕೆಳಗೆ ಬಿಟ್ಟಳು. ಚಪ್ಪಲಿಗಳು ಮಂಚದ ಅಡಿಗೆ ಸರಿದುಹೋಗಿದ್ದವು. ಶೈಲಾ ನೆಲಕ್ಕೆ ಮಂಡಿಯೂರಿ ಅವನ್ನು ಈಚೆಗೆಳೆದು, ಒಂದೊಂದೇ ಕಾಲಿಗೆ ತೊಡಿಸಹೋದಳು.

"ಬ್ಯಾಡವ್ವಾ, ಬಿಡು. ಮಂದಿ ನೋಡ್ತಾರ."

ಶೈಲಾ ಬಿಡಲಿಲ್ಲ. ಎಡಗಾಲಿನ ಚಪ್ಪಲಿ ಸರಿಯಾಗಿಯೇ ಕೂತಿತ್ತು. ಆದರೂ ಅದರ ಪಟ್ಟಿಯನ್ನು ಹಿಡಿದು, ಮುಖ ಮೇಲೆತ್ತದೆ, ಸರಿಪಡಿಸುತ್ತಲೇ ಇದ್ದಳು.