ಬೂದು ಮರಿಗಳ ಪಾಠ

ವಂಶವಾಹಿಯಲ್ಲಿ ಎಂದೋ ಆದ ಬದಲಾವಣೆಯಿಂದ ಕೆಲವು ಕಾರಕುಲ್ ಕುರಿಗಳಿಗೆ ಬೂದು ಬಣ್ಣ ಬಂತು. ಅದೇ ಬದಲಾವಣೆ ತಂದೆತಾಯಿ ಇಬ್ಬರಿಂದಲೂ ಬಂದರೆ ಮರಿ ಹುಲ್ಲು ಮೇಯುವ ಹೊತ್ತಿಗೆ ಸಾಯುತ್ತದೆ. ಬುಖಾರಾ ಬಳಿಯ ಹಳ್ಳಿಶಾಲೆಯಲ್ಲಿ ಝುಲ್‌ಹುಮೋರ್ ಟೀಚರ್ ಕಲಿಸಿದ್ದು ಇಷ್ಟೇ.

ಮರುದಿನ ವಿದ್ಯಾರ್ಥಿನಿ ಸನೋಬರಳ ಅಜ್ಜ, ಕುರಿ ಕಾಯುವ ಎಶ್ಮುರೋದ್, ಹೆಂಡತಿಯನ್ನೂ ಕರೆತಂದು ಹಿಂದಿನ ಬೆಂಚಿನಲ್ಲಿ ಕೂತ.

“ಟೀಚರಮ್ಮ, ನಿನ್ನೆ ಮೊಮ್ಮಗಳಿಗೆ ಹೇಳಿದ್ದನ್ನ ಇನ್ನೊಂದ್ಸಲ ಹೇಳಿ.”

“ಮನೇಲಿ ನೀವೇ ಅಜ್ಜಿಗೆ ಹೇಳ್ಬಹುದಿತ್ತಲ್ಲ, ಅಜ್ಜ?”

ಅಜ್ಜ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. “ಬೂದು ಮರಿ ಸತ್ತಾಗಲೆಲ್ಲ, ‘ತೂ ತೂ ಅನ್ನದೆ ಮರೀನ ಹೊಗಳಿಬಿಟ್ಟೆ, ನಿನ್ನ ದೃಷ್ಟೀನೇ ತಾಗಿದ್ದು’ ಅಂತ ಇವಳನ್ನ ನಲವತ್ತು ವರ್ಷ ಬೈದಿದ್ದೀನಿ. ಈಗ ಯಾವ ಬಾಯಲ್ಲಿ ಹೇಳ್ಲಿ?”

ಅಜ್ಜಿ ಮುಸಿಮುಸಿ ನಕ್ಕಳು.

“ಜೋರಾಗಿ ಹೇಳಮ್ಮ. ಇವರು ಬೈತಿದ್ದಿದ್ದೂ ಊರಿಗೆಲ್ಲ ಕೇಳ್ತಿತ್ತು.”